ಮಾರ್ಚ್ ಹದಿನೇಳರವರೆಗೆ ಬೀಗ

ಲಿಂಗಪ್ಪ ಮೊದಲ ಸಲ ನನ್ನ ಅಂಗಡಿಗೆ ಬಂದಾಗ ದುಡ್ಡು ಹಿಡಿದುಕೊಂಡೇ ಬಂದಿದ್ದ. ಅದನ್ನು ವಾಪಸು ಜೇಬಿಗೆ ಹಾಕಿಸಿದವಳು ನಾನು. ಈ ಕಥೆಯಲ್ಲಿ ನನ್ನ ಪಾಲು ಅಷ್ಟೇ. ಅಷ್ಟೇ ಸಾಕಾಯಿತು.

ಉಲ್ಲಾಳದ ಮುಖ್ಯರಸ್ತೆಯಲ್ಲಿ, ಬಸ್ ಸ್ಟಾಪಿನ ಎದುರು, ಹದಿನೆಂಟು ವರ್ಷದಿಂದ ಜೆರಾಕ್ಸ್ ಅಂಗಡಿ ನಡೆಸುತ್ತಿದ್ದೇನೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಎರಡನೇ ಸಲಕ್ಕೆ. ಬಿನ್ನಿಪೇಟೆಯಲ್ಲಿ ಟೈಪಿಂಗ್ ಕಲಿತೆ, ಅದೇ ಅನ್ನ ಹಾಕಿತು. ವಿಶ್ವವಿದ್ಯಾಲಯದ ಕ್ಯಾಂಪಸ್ ಹತ್ತಿರವಾದ್ದರಿಂದ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಪಿಎಚ್‌ಡಿ ಮಾಡುವ ಹುಡುಗ ಹುಡುಗಿಯರು. ಅವರ ಥೀಸಿಸ್ ಟೈಪು ಮಾಡಿ, ರಟ್ಟು ಹಾಕಿ, ಮೇಲೆ ಬಂಗಾರದ ಬಣ್ಣದಲ್ಲಿ ಹೆಸರು ಒತ್ತಿಕೊಡುತ್ತೇನೆ. ಒಳಗೇನಿದೆ ಎಂದು ನನಗೆ ತಿಳಿಯದು. ಯಾರ ಗೈಡು ಸತಾಯಿಸುತ್ತಿದ್ದಾರೆ ಎಂಬುದು ಮಾತ್ರ ಮುಖ ನೋಡಿದರೆ ತಿಳಿಯುತ್ತದೆ.

ಬೀಗವನ್ನು ನನ್ನ ಕಂಪ್ಯೂಟರಿಗೆ ಹಾಕಿಕೊಟ್ಟವಳು ಸ್ಮೃತಿ. ಬಸವೇಶ್ವರನಗರದ ಹುಡುಗಿ, ಜೀವರಸಾಯನದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಬೀಗವೆಂದರೆ ಬ್ರೌಸರಿಗೆ ಸೇರಿಸುವ ಒಂದು ಸಣ್ಣ ಸಾಧನ. ಯಾವುದಾದರೂ ಸಂಶೋಧನಾ ಲೇಖನದ ಪುಟ ತೆರೆದರೆ ಬಲಗಡೆಯ ಅಂಚಿನಲ್ಲಿ ಬೀಗದ ಚಿತ್ರ ಕಾಣುತ್ತದೆ. ಬೂದು ಬಣ್ಣಕ್ಕಿದ್ದರೆ ದುಡ್ಡು ಕೊಟ್ಟೇ ಓದಬೇಕು. ಹಸಿರಾಗಿ ತೆರೆದುಕೊಂಡಿದ್ದರೆ, ಬರೆದವರೇ ತಮ್ಮ ಕಾಲೇಜಿನ ಸಂಗ್ರಹದಲ್ಲೋ ಇನ್ನೆಲ್ಲೋ ಕಾನೂನು ಪ್ರಕಾರ ಬಿಟ್ಟಿಯಾಗಿ ಒಂದು ಪ್ರತಿ ಇಟ್ಟಿದ್ದಾರೆ ಎಂದರ್ಥ. ಒತ್ತಿದರೆ ಬಂದುಬಿಡುತ್ತದೆ. ಕಳ್ಳದಾರಿಯ ವೆಬ್‌ಸೈಟುಗಳೂ ಇವೆಯಂತೆ, ನಾನು ಹತ್ತಿರ ಸೇರಿಸುವುದಿಲ್ಲ. ಪಠ್ಯಪುಸ್ತಕಗಳನ್ನು ಪೂರ್ತಿ ಜೆರಾಕ್ಸ್ ಮಾಡಿ ಮಾರಿದ್ದಕ್ಕೆ ನಮ್ಮ ಸಾಲಿನ ಒಂದು ಅಂಗಡಿಗೆ ಪೊಲೀಸರು ಬಂದು ಮೆಷಿನ್ ಎತ್ತಿಕೊಂಡು ಹೋದದ್ದನ್ನು ಕಣ್ಣಾರೆ ನೋಡಿದ್ದೇನೆ. ಈ ಬೀಗದ ಹಾದಿ ನೆಟ್ಟಗಿನ ಹಾದಿ. ಅದು ಹಸಿರಾದಾಗಲೆಲ್ಲ ನನ್ನದೇ ದುಡ್ಡು ಉಳಿದಷ್ಟು ಖುಷಿಯಾಗುತ್ತಿತ್ತು. ಹುಡುಗರು ಬಾಗಿಲಿನಿಂದಲೇ ‘ಏನಾಂಟಿ, ಹಸಿರಾ?’ ಎಂದು ಕೇಳುತ್ತಿದ್ದರು.

ಲಿಂಗಪ್ಪ ಬಂದದ್ದು ಆಗಸ್ಟಿನಲ್ಲಿ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ. ಮೂವತ್ತು ದಾಟಿದ ಆಳು. ಕೂದಲಲ್ಲಿ, ಹುಬ್ಬಿನಲ್ಲಿ ಟೈಲ್ಸ್ ಕತ್ತರಿಸಿದ ಬಿಳಿ ಪುಡಿ. ಲಿಂಗಸುಗೂರು ಕಡೆಯವನು, ಇಲ್ಲೇ ಹೊಸ ಲೇಔಟುಗಳಲ್ಲಿ ಟೈಲ್ಸ್ ಕೂರಿಸುವ ಕೆಲಸ. ಮಡಚಿ ಮಡಚಿ ಹರಿಯುವಂತಾಗಿದ್ದ ಒಂದು ಚೀಟಿಯನ್ನು ಕೌಂಟರಿನ ಮೇಲೆ ಬಿಡಿಸಿಟ್ಟ. ಅದರಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲು, ಒಂದು ಪತ್ರಿಕೆಯ ಹೆಸರು.

"ಇದರಾಗ ನನ್ನ ಹೆಂಡ್ತಿ ಅದಾಳ್ರಿ ಅಕ್ಕಾರ," ಎಂದ. "ತಗದು ಕೊಡ್ರಿ."

ಅವನ ಹೆಂಡತಿ ದುರ್ಗವ್ವ ಒಂದೂವರೆ ವರ್ಷದ ಹಿಂದೆ ಸತ್ತಿದ್ದಳು. ಇಪ್ಪತ್ತಾರು ವರ್ಷ. ಐದು ವಾರ ತಲೆನೋವು, ಆಮೇಲೆ ಒಂದು ಬೆಳಗ್ಗೆ ಪಾತ್ರೆ ತೊಳೆಯುತ್ತಾ ಫಿಟ್ಸು ಬಂದು ಬಿದ್ದಳು. ಇಲ್ಲಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ನಾಲ್ಕು ದಿನ ಇದ್ದಳು. ಮೆದುಳಿನ ರಕ್ತನಾಳದಲ್ಲಿ ಏನೋ ಅಪರೂಪದ ಗಂಟು ಎಂದರಂತೆ. ಮಣ್ಣು ಮಾಡಲು ಊರಿಗೆ ಒಯ್ದಾಗ ಅವಳ ಅಣ್ಣ ಹನುಮೇಶ, ಹೈಸ್ಕೂಲ್ ಮೇಷ್ಟ್ರು, ಎಲ್ಲರೆದುರು ಲಿಂಗಪ್ಪನ ಕೊರಳಪಟ್ಟಿ ಹಿಡಿದ. ತಲೆನೋವು ಅಂತ ಐದು ವಾರ ಅಳುತ್ತಿದ್ದವಳನ್ನು ಕೂಲಿ ತಪ್ಪುತ್ತದೆಂದು ಮನೆಯಲ್ಲೇ ಇಟ್ಟುಕೊಂಡೆ, ನೀನೇ ಕೊಂದೆ ಎಂದ. ನಾಲ್ಕು ವರ್ಷದ ಮಗಳು ಶೈಲಾಳನ್ನು ಅಲ್ಲೇ ಉಳಿಸಿಕೊಂಡ. ಅವತ್ತಿನಿಂದ ಮಗು ಅಪ್ಪ ಬಂದರೆ ಅಜ್ಜಿಯ ಸೆರಗಿನ ಹಿಂದೆ ಅಡಗುತ್ತಿತ್ತು. ಅವ್ವನನ್ನು ಕೊಂದವನು ಅಪ್ಪ ಎಂದು ಅದಕ್ಕೆ ಹೇಳಿಕೊಟ್ಟಿದ್ದರು.

ಲಿಂಗಪ್ಪ ಅವಳನ್ನು ಮನೆಯಲ್ಲಿ ಇಟ್ಟುಕೊಂಡಿರಲಿಲ್ಲ. ಅದೇ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಮೂರು ಸಲ ಕರೆದುಕೊಂಡು ಹೋಗಿದ್ದ. ಮೂರು ಸಲವೂ ಗ್ಯಾಸ್ಟ್ರಿಕ್ ಮಾತ್ರೆ, ನೋವಿನ ಮಾತ್ರೆ ಕೊಟ್ಟು ಕಳಿಸಿದ್ದರು. ಆ ಮೂರೂ ಹೊರರೋಗಿ ಚೀಟಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದ. ಅವನ್ನು ತೋರಿಸಿದಾಗ ಹನುಮೇಶ, ಇಂಥ ಚೀಟಿಗಳು ಆಸ್ಪತ್ರೆಯ ಕಿಟಕಿಯಲ್ಲಿ ಹತ್ತು ರೂಪಾಯಿಗೆ ಯಾರಿಗೆ ಬೇಕಾದರೂ ಸಿಗುತ್ತವೆ, ಡಾಕ್ಟರು ಬರೆದುಕೊಡಲಿ, ನಾನೇ ಮಗುವನ್ನು ಕರೆದುಕೊಂಡು ಬಂದು ನಿನ್ನ ಕಾಲಿಗೆ ಬೀಳುತ್ತೇನೆ ಎಂದನಂತೆ. ಮೇಷ್ಟ್ರ ಮಾತು.

ಡಾಕ್ಟರು ಬರೆದುಕೊಡಲಿಲ್ಲ. ಫೈಲು ಕೇಳಿದರೆ ಸಿಗುತ್ತಿಲ್ಲ ಎಂದರು. ಏಳನೇ ಸಲ ಹೋದಾಗ ಒಬ್ಬ ಎಳೆಯ ಡಾಕ್ಟರು ಇವನನ್ನು ಗುರುತು ಹಿಡಿದು, ನಿಮ್ಮ ಹೆಂಡತಿಯ ಕೇಸು ದೊಡ್ಡ ಪತ್ರಿಕೆಯಲ್ಲಿ ಬಂದಿದೆ, ಎಲ್ಲ ವಿವರವಾಗಿ ಬರೆದಿದ್ದೇವೆ ಎಂದು ಈ ಚೀಟಿ ಬರೆದುಕೊಟ್ಟರು. ಅಂದರೆ ಡಾಕ್ಟರು ಬರೆದೇ ಇದ್ದಾರೆ, ಅದೂ ಅಚ್ಚಿನಲ್ಲಿ. ಕೆಂಗೇರಿಯ ಒಂದು ಅಂಗಡಿಯಲ್ಲಿ ಹುಡುಕಿಸಿದಾಗ ಮೂರು ಸಾವಿರದ ಇನ್ನೂರು ಆಗುತ್ತದೆ, ಅದೂ ಹೊರದೇಶದ ಕಾರ್ಡು ಬೇಕು ಎಂದಿದ್ದರು. ದುಡ್ಡು ಹೊಂದಿಸಿಕೊಂಡು, ಕಾರ್ಡು ಇರುವವರನ್ನು ಹುಡುಕುತ್ತಾ ನನ್ನಲ್ಲಿಗೆ ಬಂದಿದ್ದ.

ನನ್ನ ಹತ್ತಿರ ಆ ಕಾರ್ಡು ಇತ್ತು. ಟೈಪಿಂಗ್ ತಂತ್ರಾಂಶಕ್ಕೆ ವರ್ಷಕ್ಕೊಮ್ಮೆ ಕಟ್ಟಲು ಮಾಡಿಸಿಕೊಂಡಿದ್ದೆ.

ಪುಟ ತೆರೆದೆ. ಬೀಗ ಬೂದು. ಸ್ಮೃತಿ ಆವತ್ತು ಒಳಗೆ ಪ್ರೂಫ್ ನೋಡುತ್ತಾ ಕೂತಿದ್ದಳು, ಅವಳನ್ನು ಕರೆದೆ. ಅವಳು ಅಲ್ಲಿ ಇಲ್ಲಿ ಕೆದಕಿ, ಆ ಆಸ್ಪತ್ರೆಯ ಕಾಲೇಜಿನ ಸಂಗ್ರಹದಲ್ಲಿ ಇದರ ಪ್ರತಿಯನ್ನು ಲೇಖಕರು ಆಗಲೇ ಇಟ್ಟಿದ್ದಾರೆ, ಆದರೆ ಪತ್ರಿಕೆಯ ನಿಯಮದಂತೆ ಒಂದು ವರ್ಷ ಮುಚ್ಚಿರುತ್ತದೆ ಎಂದು ತೋರಿಸಿದಳು. ಪುಟದಲ್ಲಿ ದಿನಾಂಕವೂ ಇತ್ತು. ಮುಂದಿನ ಮಾರ್ಚ್ ಹದಿನೇಳಕ್ಕೆ ತಾನಾಗಿ ತೆರೆಯುತ್ತದೆ. ಬರೆದವರಿಗೇ ಒಂದು ಮೇಲ್ ಹಾಕಿ ಕೇಳೋಣ, ಎಷ್ಟೋ ಜನ ಕಳಿಸಿಕೊಡುತ್ತಾರೆ ಎಂದು ಹಾಕಿಯೂ ನೋಡಿದಳು. ಆ ವಿಳಾಸ ಈಗ ಇಲ್ಲವೆಂದು ಐದೇ ನಿಮಿಷದಲ್ಲಿ ವಾಪಸು ಬಂತು.

ಲಿಂಗಪ್ಪ ದುಡ್ಡನ್ನು ಕೌಂಟರಿನ ಮೇಲೆ ಇಟ್ಟ. ಐನೂರರ ನೋಟು, ನೂರರವು, ಒಂದಷ್ಟು ಐವತ್ತು. ಎಲ್ಲದರ ಮೇಲೂ ಬಿಳಿ ಪುಡಿ.

ನಾಲ್ಕು ದಿನ ಮಂಡಿ ಊರಿ ದುಡಿದ ಕೂಲಿ, ಆರೇಳು ಪುಟಕ್ಕೆ. ನಾನು ಆ ನೋಟುಗಳನ್ನು ಒಟ್ಟು ಮಾಡಿ ಅವನ ಕೈಗೇ ತುರುಕಿದೆ.

"ಸತ್ತೋದೋಳೇನು ಓಡೋಗಲ್ಲ, ಮಗು ಊರಲ್ಲಿ ಊಟ ಮಾಡ್ಕೊಂಡಿದೆ," ಎಂದೆ. "ಏಳು ತಿಂಗಳು ತಡಕೋ. ಫ್ರೀಯಾಗಿ ಸಿಗೋದಕ್ಕೆ ಯಾಕಪ್ಪ ದುಡ್ಡು ಸುರೀತೀಯ?"

ಸ್ಮೃತಿಯೂ ತಲೆಯಾಡಿಸಿದಳು. ಅವನು ಒಂದು ಗಳಿಗೆ ಪರದೆಯನ್ನೇ ನೋಡಿದ. ಆಮೇಲೆ, ನೀವು ಬಲ್ಲವರು ಎಂದು ದುಡ್ಡು ಒಳಗಿಟ್ಟುಕೊಂಡ. ನಾನು ಬಲ್ಲವಳೇ. ಹದಿನೆಂಟು ವರ್ಷ ಎಂಟಾಣೆ, ರೂಪಾಯಿ ಉಳಿಸಿಯೇ ಈ ಅಂಗಡಿ ನಿಲ್ಲಿಸಿದವಳು.

ಏಳು ತಿಂಗಳೂ ಅವನು ವಾರಕ್ಕೊಮ್ಮೆ ಅಂಗಡಿಯ ಮುಂದೆ ಹಾದು ಹೋಗುತ್ತಿದ್ದ. ಕೇಳುತ್ತಿರಲಿಲ್ಲ, ಕೈಬೆರಳು ಮಡಚಿ ಉಳಿದ ತಿಂಗಳು ತೋರಿಸಿ ನಗುತ್ತಿದ್ದ. ಅಷ್ಟರಲ್ಲಿ ಮಾರೇನಹಳ್ಳಿಯ ಅಂಗಡಿಯಿಂದ ಮಗುವಿಗೆ ಒಂದು ಶಾಲೆಯ ಬ್ಯಾಗು ತಂದಿಟ್ಟ, ಗುಲಾಬಿ ಬಣ್ಣದ್ದು. ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಯಾವಾಗ ಸೇರಿಸಬೇಕು ಎಂದು ನನ್ನನ್ನೇ ವಿಚಾರಿಸಿದ. ಜೂನ್ ಒಳಗೆ ಕರೆದುಕೊಂಡು ಬಾ, ನಾನೇ ಫಾರಂ ತುಂಬಿಕೊಡುತ್ತೇನೆ ಎಂದೆ. ಒಂದು ಸಂಗತಿ ಮಾತ್ರ ನನಗೆ ಆಮೇಲೆ ಗೊತ್ತಾಯಿತು. ಅವನು ಲೇಖನದ ಹೆಸರಿದ್ದ ಆ ಚೀಟಿಯ ಫೋಟೋ ತೆಗೆದು ಭಾವಮೈದುನನಿಗೆ ಕಳಿಸಿದ್ದ, ಮಾರ್ಚ್ ಹದಿನೇಳಕ್ಕೆ ನೀವೇ ತೆಗೆದು ಓದಿಕೊಳ್ಳಿ, ಎಲ್ಲರಿಗೂ ಫ್ರೀ ಅಂತೆ ಎಂದು. ಜಂಬದಿಂದ ಕಳಿಸಿದ್ದಲ್ಲ. ಮೇಷ್ಟ್ರು ತನ್ನ ಕಣ್ಣಿನಿಂದಲೇ ಓದಿದರೆ ನಂಬಿಕೆ ಗಟ್ಟಿ ಎಂದು.

ಹದಿನೇಳರ ಬೆಳಗ್ಗೆ ನಾನು ಶಟರ್ ಎತ್ತುವ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದ. ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿದ್ದ. ಸ್ಮೃತಿಯೂ ಅವನಿಗೋಸ್ಕರವೇ ಬೇಗ ಬಂದಿದ್ದಳು. ಬೀಗ ಇನ್ನೂ ಬೂದಾಗಿಯೇ ಇತ್ತು. ಅದಕ್ಕೆ ಸುದ್ದಿ ತಲುಪಲು ಕೆಲವು ದಿನ ಬೇಕಂತೆ. ನೇರ ಕಾಲೇಜಿನ ಸಂಗ್ರಹದ ಪುಟಕ್ಕೇ ಹೋದೆವು. ಬಾಗಿಲು ತೆರೆದಿತ್ತು. ಒತ್ತಿದೆ, ಬಂತು. ಪ್ರಿಂಟು ಹಾಕಿ, ಬಿಸಿ ಆರುವ ಮೊದಲೇ ಅವನ ಕೈಗೆ ಕೊಟ್ಟೆ. ಕಣ್ಣಿಗೊತ್ತಿಕೊಂಡ. ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ, ಆದರೂ ಪ್ರತಿ ಪುಟ ತಿರುಗಿಸಿದ. ಒಂದು ಪುಟದಲ್ಲಿ ತಲೆಬುರುಡೆಯ ಸ್ಕ್ಯಾನ್ ಚಿತ್ರವಿತ್ತು.

"ಅಕಿ ಹೆಸರು ಎಲ್ಲೈತ್ರಿ?"

ಹೆಸರು ಹಾಕುವುದಿಲ್ಲ, ಇಪ್ಪತ್ತಾರು ವರ್ಷದ ಮಹಿಳೆ ಎಂದಷ್ಟೇ ಇರುತ್ತದೆ ಎಂದು ಸ್ಮೃತಿ ವಿವರಿಸಿದಳು. ಅವನು ಆ ಸ್ಕ್ಯಾನ್ ಚಿತ್ರದ ಮೇಲೆ ಬೆರಳಿಟ್ಟು ಹಾಗೇ ಹಿಡಿದುಕೊಂಡ. ಸ್ಮೃತಿ ಲೇಖನವನ್ನು ಪರದೆಯ ಮೇಲೇ ಓದಿ ಕನ್ನಡದಲ್ಲಿ ಹೇಳುತ್ತಾ ಹೋದಳು. ತಲೆನೋವು ಐದು ವಾರ. ಫಿಟ್ಸು. ಸ್ಕ್ಯಾನಿನಲ್ಲಿ ಕಂಡದ್ದು. ಕೊಟ್ಟ ಔಷಧಿ. ಎರಡನೇ ಪುಟದ ನಡುವೆ ನಿಂತಳು. ನನ್ನನ್ನು ನೋಡಿದಳು.

"ಓದ್ರಿ," ಎಂದ ಲಿಂಗಪ್ಪ.

ಅವಳು ಸಣ್ಣ ದನಿಯಲ್ಲಿ ಓದಿದಳು. ರೋಗಿಯನ್ನು ಇದಕ್ಕೆ ಮುಂಚೆ ಎಲ್ಲಿಯೂ ತೋರಿಸಿರಲಿಲ್ಲ. ತಿಳುವಳಿಕೆಯ ಕೊರತೆಯಿಂದ ಕುಟುಂಬದವರು ಐದು ವಾರ ಮನೆಮದ್ದನ್ನೇ ನೆಚ್ಚಿಕೊಂಡಿದ್ದರು. ಮೊದಲೇ ಕರೆತಂದಿದ್ದರೆ ಉಳಿಸಬಹುದಿತ್ತು.

ಅಂಗಡಿಯ ಎದುರು ಬಸ್ಸು ಬಂದು ನಿಂತು, ಜನ ಇಳಿದು, ಹೋಯಿತು. ಲಿಂಗಪ್ಪ ಮನೆಮದ್ದು ಎಲ್ಲಿಂದ ಬಂತು ಎಂದು ತನಗೇ ಹೇಳಿಕೊಳ್ಳುವಂತೆ ಹೇಳಿದ. ಸೇರಿಸಿದ ದಿನ ಒಬ್ಬ ಹುಡುಗ ಡಾಕ್ಟರು, ಮನೆಯಲ್ಲಿ ಏನೇನು ಮಾಡಿದಿರಿ ಎಂದು ಕೇಳಿದ್ದರು. ಇವನು ನಿಜ ಹೇಳಿದ್ದ. ರಾತ್ರಿ ನೆತ್ತಿಗೆ ಹರಳೆಣ್ಣೆ ತಟ್ಟುತ್ತಿದ್ದೆ ಎಂದು. ತಲೆನೋವು ಎಂದರೆ ಯಾರ ಮನೆಯಲ್ಲಿ ತಟ್ಟುವುದಿಲ್ಲ? ನಾನೂ ತಟ್ಟಿಕೊಳ್ಳುತ್ತೇನೆ. ಮೂರು ಸಲ ಬಂದಿದ್ದೆವು ಎಂದೂ ಹೇಳಿದ್ದನಂತೆ. ಎಣ್ಣೆ ಬರೆದುಕೊಂಡರು, ಅದನ್ನು ಬರೆದುಕೊಳ್ಳಲಿಲ್ಲ.

ಪ್ಲಾಸ್ಟಿಕ್ ಕವರಿನಿಂದ ಚೀಟಿಗಳನ್ನು ತೆಗೆದು ಒಂದರ ಪಕ್ಕ ಒಂದು ಜೋಡಿಸಿದ, ಟೈಲ್ಸ್ ಜೋಡಿಸಿದಂತೆ. ಜನವರಿ ಒಂಬತ್ತು, ಹದಿನೆಂಟು, ಇಪ್ಪತ್ತೇಳು. ಮೂರರ ತಲೆಯ ಮೇಲೂ ಅದೇ ಆಸ್ಪತ್ರೆಯ ಮುದ್ರೆ.

"ಹಂಗಾರ ಇವು ಏನ್ರಿ?"

ಸ್ಮೃತಿ ಸಿಟ್ಟಿನಿಂದ ಕೆಂಪಾಗಿದ್ದಳು. ಪತ್ರಿಕೆಯ ಸಂಪಾದಕರಿಗೆ ಬರೆಯೋಣ, ಅಚ್ಚಾದದ್ದು ತಪ್ಪಿದ್ದರೆ ಯಾರು ಬೇಕಾದರೂ ಪತ್ರ ಬರೆಯಬಹುದು, ಆ ಪತ್ರವನ್ನೂ ಅಚ್ಚು ಹಾಕುತ್ತಾರೆ, ಲೇಖನದ ಜೊತೆಗೇ ಅದು ಶಾಶ್ವತವಾಗಿ ಇರುತ್ತದೆ ಎಂದಳು. ನಮಗೆ ಜೀವ ಬಂತು. ಅವಳು ಹೇಳಿದ್ದನ್ನು ನಾನು ಟೈಪು ಮಾಡಿದೆ. ಚೀಟಿಗಳನ್ನು ಸ್ಕ್ಯಾನ್ ಮಾಡಿ ಜೊತೆಗಿಟ್ಟೆ. ಲಿಂಗಪ್ಪನ ಹೆಸರು, ಸಂಬಂಧ ಗಂಡ, ಮೊಬೈಲ್ ನಂಬರು. ಮಧ್ಯಾಹ್ನದೊಳಗೆ ಕಳಿಸಿದೆವು.

ಎರಡೇ ದಿನಕ್ಕೆ ಉತ್ತರ ಬಂತು. ಬಹಳ ಮರ್ಯಾದೆಯ ಉತ್ತರ. ನಿಮ್ಮ ನಷ್ಟಕ್ಕೆ ವಿಷಾದವಿದೆ. ನಮ್ಮ ಪತ್ರಿಕೆಯ ನಿಯಮದಂತೆ, ಲೇಖನ ಪ್ರಕಟವಾದ ಆರು ತಿಂಗಳೊಳಗೆ ಬಂದ ಪತ್ರಗಳನ್ನು ಮಾತ್ರ ಪರಿಗಣಿಸುತ್ತೇವೆ. ತಿದ್ದುಪಡಿ ಬೇಕಿದ್ದರೆ ಲೇಖಕರನ್ನೇ ಸಂಪರ್ಕಿಸಿ. ಕೊಟ್ಟಿದ್ದ ಲೇಖಕರ ವಿಳಾಸ, ಆಗಸ್ಟಿನಲ್ಲಿ ನಮಗೆ ವಾಪಸು ಬಂದಿದ್ದ ಅದೇ ವಿಳಾಸ.

ಸ್ಮೃತಿ ಇನ್ನೂ ಓದುತ್ತಿದ್ದಳು. ನಾನು ಬೆರಳು ಮಡಚುತ್ತಿದ್ದೆ. ಪ್ರಕಟವಾದದ್ದು ಹೋದ ಮಾರ್ಚ್ ಹದಿನೇಳು. ಆರು ತಿಂಗಳೆಂದರೆ ಸೆಪ್ಟೆಂಬರ್ ಹದಿನೇಳು. ಅವನು ದುಡ್ಡು ಹಿಡಿದು ಬಂದದ್ದು ಆಗಸ್ಟು. ಇನ್ನೂ ಮೂರು ವಾರ ಕೈಯಲ್ಲಿತ್ತು. ನನ್ನ ಕಾರ್ಡು ಡ್ರಾಯರಿನಲ್ಲಿತ್ತು. ಬಿಟ್ಟಿ ಪ್ರತಿಗೆ ಕಾಯಬೇಕಾದದ್ದು ಒಂದು ವರ್ಷ, ತಪ್ಪು ಎಂದು ಹೇಳಲು ಇದ್ದದ್ದು ಅದರ ಅರ್ಧ. ದುಡ್ಡಿಲ್ಲದವನ ಕೈಗೆ ಕಾಗದ ಸಿಗುವ ಹೊತ್ತಿಗೆ ಅವನ ಬಾಯಿ ಮುಚ್ಚಿರುತ್ತದೆ. ಯಾರೂ ಬೇಕೆಂದು ಮಾಡಿದ್ದಲ್ಲ, ನಿಯಮಗಳೇ ಹಾಗೆ ಕೂತಿವೆ. ಇವನ ಹತ್ತಿರವಾದರೋ ದುಡ್ಡಿತ್ತು.

ಸಂಜೆ ಅವನು ಬಂದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸುತ್ತಿ ಬಳಸಲಿಲ್ಲ. ನಾನು ಅವತ್ತು ತಡೆಯದಿದ್ದರೆ ನಿನ್ನ ಪತ್ರ ಹೊತ್ತಿಗೆ ಸರಿಯಾಗಿ ಹೋಗುತ್ತಿತ್ತು, ತಪ್ಪು ನನ್ನದು ಎಂದೆ. ಬೈಯಲಿ ಎಂದು ಕಾದೆ. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು.

"ನೀವು ನನ್ನ ರೊಕ್ಕ ಉಳಸಾಕ ಹೇಳಿದ್ರಿ," ಎಂದ. ಅಷ್ಟೇ.

ಆಮೇಲೆ ಕೇಳಿದ, ಆ ಎರಡು ಸಾಲು ತೆಗೆದುಬಿಡಲು ಬರುತ್ತದೆಯೇ ಎಂದು. ಬರುತ್ತದೆ. ಟೈಪು ಮಾಡುವವಳಿಗೆ ಐದು ನಿಮಿಷದ ಕೆಲಸ. ಸಾಲು ಅಳಿಸಿ, ಮೂರು ಸಲ ಬಂದಿದ್ದರು ಎಂದು ಅದೇ ಅಕ್ಷರದಲ್ಲಿ ಕೂರಿಸಿದರೆ ಯಾವ ಮೇಷ್ಟ್ರಿಗೂ ಗೊತ್ತಾಗುವುದಿಲ್ಲ. ನನ್ನ ಬದುಕಿನಲ್ಲಿ ಒಂದು ಅಂಕಪಟ್ಟಿಯನ್ನೂ ತಿದ್ದಿಕೊಟ್ಟವಳಲ್ಲ, ದೊಡ್ಡ ದೊಡ್ಡವರು ಕೇಳಿದಾಗಲೂ. ಅವತ್ತು ಅವನಿಗೋಸ್ಕರ ಫೈಲು ತೆರೆದೆ. ಆ ಸಾಲಿನ ಮೇಲೆ ಗುರುತು ಹಾಕಿದೆ. ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟಾಗ ಕೇಳಿದೆ, ಈ ಲೇಖನದ ಹೆಸರು ಇನ್ನು ಯಾರಿಗೆ ಗೊತ್ತು ಎಂದು. ಆಗಲೇ ಅವನು ಆ ಫೋಟೋದ ವಿಷಯ ಹೇಳಿದ್ದು.

ಬೆರಳು ತೆಗೆದೆ. ಬೀಗ ಇದ್ದಾಗ ನಾನು ಏನು ಕೊಟ್ಟರೂ ಅದೇ ಸತ್ಯವಾಗುತ್ತಿತ್ತು, ತಾಳೆ ನೋಡಲು ಯಾರಿಗೂ ಸಾಧ್ಯವಿರಲಿಲ್ಲ. ಈಗ ಲಿಂಗಸುಗೂರಿನಲ್ಲಿ ಕೂತು ಫೋನಿನಲ್ಲಿ ಒತ್ತಿದರೆ ನಿಜವಾದದ್ದು ಬರುತ್ತದೆ. ಬಿಟ್ಟಿಯಾಗಿ.

ಬಂದೂ ಇತ್ತು. ಹನುಮೇಶ ಹದಿನೇಳರ ಮಧ್ಯಾಹ್ನವೇ ತೆಗೆದು, ಶಾಲೆಯ ಇಂಗ್ಲಿಷ್ ಮೇಷ್ಟ್ರ ಹತ್ತಿರ ಕೂತು ಓದಿಸಿಕೊಂಡಿದ್ದ. ಮೂರು ದಿನ ಸುಮ್ಮನಿದ್ದು ನಾಲ್ಕನೇ ದಿನ ಫೋನ್ ಮಾಡಿದ. ಲಿಂಗಪ್ಪ ಆಗ ಅಂಗಡಿಯಲ್ಲೇ ಇದ್ದ, ನನಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದ. ನಾನು ಬೈಗುಳ ಬರುತ್ತದೆಂದುಕೊಂಡಿದ್ದೆ. ಆ ಮನುಷ್ಯ ಅಳುತ್ತಿದ್ದ.

"ಒಂದ ಸಲ ನನಗರ ಫೋನ್ ಮಾಡಬಾರದಿತ್ತೇನೋ," ಎಂದ. "ನಾ ಕರಕೊಂಡು ಹೋಗ್ತಿದ್ನಲ್ಲೋ."

ಲಿಂಗಪ್ಪ ಚೀಟಿಗಳ ಮಾತೆತ್ತಿದ. ಅತ್ತ ಕಡೆಯ ದನಿ ಗಟ್ಟಿಯಾಯಿತು. "ಚೀಟಿ ರೊಕ್ಕಕ್ಕ ಬರ್ತಾವ. ಜಗತ್ತಿನ ಡಾಕ್ಟರ್ರು ಓದೋ ಪುಸ್ತಕದಾಗ ಸುಳ್ಳು ಬರೀತಾರೇನು? ನೀನ ಹೇಳಿದ್ಯಲ್ಲ, ಅದರಾಗ ಎಲ್ಲಾ ಐತಿ ಅಂತ." ನಾನು ಫೋನು ಕಿತ್ತುಕೊಂಡು ಮಾತಾಡಿದೆ, ನಾನು ಯಾರು, ಚೀಟಿಯಲ್ಲಿ ಏನಿದೆ, ಮುದ್ರೆ ಯಾರದು ಎಂದೆಲ್ಲ. ಅವನು ಮಧ್ಯದಲ್ಲಿ, ಅಮ್ಮಾ ನೀವು ಡಾಕ್ಟರೇನು ಎಂದು ಕೇಳಿದ. ಜೆರಾಕ್ಸ್ ಅಂಗಡಿ ಎಂದೆ. ಇಟ್ಟುಬಿಟ್ಟ.

ಲೇಖನ ಇಟ್ಟ ಕಾಲೇಜಿಗೂ ಬರೆದೆವು, ಪತ್ರಿಕೆಯವರನ್ನೇ ಕೇಳಿ ಎಂದು ಉತ್ತರ. ಉಚಿತ ಕಾನೂನು ನೆರವಿನ ಕಚೇರಿಗೂ ಅವನನ್ನು ಕರೆದುಕೊಂಡು ಹೋದೆ. ತಂದೆ ಬದುಕಿರುವಾಗ ಮಗುವನ್ನು ಕೊಡಿಸಬಹುದು, ಅದಕ್ಕೆ ಈ ಲೇಖನವೂ ಬೇಡ ಎಂದರು ವಕೀಲೆ. ಲಿಂಗಪ್ಪ ಕಾಗದಕ್ಕೆ ಸಹಿ ಹಾಕಲಿಲ್ಲ. ಪೊಲೀಸರು ಎತ್ತಿಕೊಂಡು ಬಂದು ಕೊಟ್ಟರೆ ಮಗು ಮನೆಯಲ್ಲಿ ಇರುತ್ತದೆ, ಅಷ್ಟೇ, ತನ್ನ ಕೈಯ ತುತ್ತು ತಿನ್ನುವುದಿಲ್ಲ ಎಂದ. ಅವ್ವನನ್ನು ಕೊಂದ ಕೈ. ನಾನು ಅವನ ಜೊತೆ ವಾದ ಮಾಡಲಿಲ್ಲ. ಒಮ್ಮೆ ಅವನಿಗೆ ಬುದ್ಧಿ ಹೇಳಿದ್ದು ಸಾಕಾಗಿತ್ತು.

ಜೂನ್ ಮುಗಿಯಿತು. ಗುಲಾಬಿ ಬ್ಯಾಗನ್ನು ತಾನಿರುವ ಶೆಡ್ಡಿನ ಪಕ್ಕದ ಮನೆಯ ಹುಡುಗಿಗೆ ಕೊಟ್ಟನಂತೆ.

ಕಳೆದ ಸೋಮವಾರ ಕೆಲಸಕ್ಕೆ ಹೋಗುವಾಗ ಅಂಗಡಿಗೆ ಬಂದ. ಚೀಟಿಗಳ ಅಕ್ಷರಗಳು ಮಾಸುತ್ತಿವೆ, ಲ್ಯಾಮಿನೇಷನ್ ಮಾಡಿಕೊಡಿ ಎಂದ. ಬಸ್ ಟಿಕೆಟ್ಟಿನಂತೆ ಬಿಸಿಗೇ ಅಚ್ಚಾಗುವ ಇಂಥ ಕಾಗದ ಮತ್ತೆ ಬಿಸಿ ತಾಗಿದರೆ ಕಪ್ಪಾಗಿಬಿಡುತ್ತದೆ, ಬೇಡ ಎಂದೆ. ಕಪ್ಪು ಹೆಚ್ಚಿಸಿ ಜೆರಾಕ್ಸ್ ತೆಗೆದೆ. ಮೂರನೆಯದರಲ್ಲಿ ತಾರೀಖು ಅರ್ಧ ಹೋಗಿತ್ತು, ಎಷ್ಟು ಹೆಚ್ಚಿಸಿದರೂ ಮೂಡಲಿಲ್ಲ. ಆ ಲೇಖನ, ಅದರ ಬೆನ್ನಿಗೆ ಈ ಚೀಟಿಗಳು, ನಾವು ಬರೆದ ಪತ್ರ, ಎಲ್ಲ ಸೇರಿಸಿ ಥೀಸಿಸ್ಸಿನಂತೆ ರಟ್ಟು ಹಾಕಿ ಎಂದ. ಮೇಲೆ ಬಂಗಾರದ ಅಕ್ಷರದಲ್ಲಿ ದುರ್ಗವ್ವ ಎಂದು ಒತ್ತಬೇಕು. ಒಳಗೆಲ್ಲೂ ಅವಳ ಹೆಸರಿಲ್ಲವಲ್ಲ. ಯಾರಿಗೆ ಇದು ಎಂದು ಕೇಳಿದೆ. ಶೈಲಾ ದೊಡ್ಡವಳಾದ ಮೇಲೆ ಓದಲಿ ಎಂದ.

ಒತ್ತಿಕೊಟ್ಟೆ. ದುಡ್ಡು ತೆಗೆದುಕೊಳ್ಳಲಿಲ್ಲ. ಅವನು ಅದನ್ನು ಹಳೆಯ ಟವೆಲಿನಲ್ಲಿ ಸುತ್ತಿ, ಉಳಿ ಸುತ್ತಿಗೆಯ ಚೀಲದೊಳಗೆ ಇಟ್ಟುಕೊಂಡು ಬಸ್ಸು ಹತ್ತಿದ.

ಆ ಪುಸ್ತಕದ ಪ್ರತಿ ಇರುವುದು ಅದೊಂದೇ. ಇನ್ನೊಂದು ಮಾತನ್ನು ಅವನಿಗೆ ಹೇಳಲಿಲ್ಲ. ಆ ಹುಡುಗಿ ದೊಡ್ಡವಳಾಗುವ ಹೊತ್ತಿಗೆ ಅವಳ ಕೈಯಲ್ಲೂ ಒಂದು ಫೋನಿರುತ್ತದೆ, ಲೇಖನದ ಹೆಸರು ಮಾವನ ಹತ್ತಿರ ಇದ್ದೇ ಇದೆ. ಅವನು ಹೋದ ಮೇಲೆ ಪತ್ರಿಕೆಯ ಪುಟ ತೆರೆದು ನೋಡಿದೆ. ಬೀಗ ಹಸಿರಾಗಿತ್ತು. ಕಾಲೇಜಿನ ಸಂಗ್ರಹದ ಪುಟದಲ್ಲಿ ಎಷ್ಟು ಜನ ಇಳಿಸಿಕೊಂಡರೆಂಬ ಲೆಕ್ಕ ಇರುತ್ತದೆ. ನಾವು ತೆಗೆದ ಬೆಳಗ್ಗೆ ಅದು ಒಂದು ಇತ್ತು. ಈಗ ಇನ್ನೂರ ಹನ್ನೆರಡು.